ಜಾವಾ ವೆಬ್ ಅಪ್ಲಿಕೇಶನ್‌ನಲ್ಲಿ ಮೆಮೊರಿ ಸೋರಿಕೆ ಮತ್ತು ಕ್ರ್ಯಾಶ್: ಪತ್ತೆ ಹಚ್ಚಿ ಸರಿಪಡಿಸುವ ಸಮಗ್ರ ಮಾರ್ಗದರ್ಶಿ

ಸರ್ವರ್ ಕೈಕೊಟ್ಟಾಗ ಹೆಚ್ಚಿನ ತಂಡಗಳು ಮೊದಲು ರೀಸ್ಟಾರ್ಟ್ ಮಾಡುತ್ತವೆ, ಆಮೇಲೆ ಹೀಪ್ (ಜಾವಾ ಆಬ್ಜೆಕ್ಟ್‌ಗಳು ಕೂರುವ ಮೆಮೊರಿ) ದೊಡ್ಡದು ಮಾಡುತ್ತವೆ. ರೀಸ್ಟಾರ್ಟ್ ಆದ ಕ್ಷಣವೇ ಪ್ರೊಸೆಸ್‌ನ ಒಳಗಿದ್ದ ಸಾಕ್ಷ್ಯವೆಲ್ಲ ಅಳಿಸಿಹೋಗುತ್ತದೆ. ಹೀಪ್ ದೊಡ್ಡದಾದರೆ ಮಂಗಳವಾರ ಬೀಳಬೇಕಿದ್ದ ಸರ್ವರ್ ಶುಕ್ರವಾರ ಬೀಳುತ್ತದೆ, ಅಷ್ಟೇ. ಜಾವಾ ಕೋಡನ್ನು ಓಡಿಸುವ ಜೆವಿಎಂ ಬಳಸುವ ಮೆಮೊರಿಯೆಲ್ಲ ಒಂದೇ ಅಲ್ಲ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಿ. ಹೀಪ್ ಬೇರೆ, ಕ್ಲಾಸ್‌ಗಳ ಮಾಹಿತಿ ಇರುವ ಮೆಟಾಸ್ಪೇಸ್ ಬೇರೆ, ಪ್ರತಿ ಥ್ರೆಡ್‌ಗೆ ಸಿಗುವ ಸ್ಟ್ಯಾಕ್ ಬೇರೆ, ಹೀಪ್‌ನ ಹೊರಗೆ ಆಪರೇಟಿಂಗ್ ಸಿಸ್ಟಂನಿಂದ ನೇರವಾಗಿ ಪಡೆಯುವ ನೇಟಿವ್ ಮೆಮೊರಿ ಬೇರೆ. ತುಂಬಿದ್ದು ಯಾವುದು ಎಂದು ಗೊತ್ತಾಗುವ ತನಕ ಯಾವ ಸೆಟ್ಟಿಂಗ್‌ಗೂ ಕೈಹಾಕಬೇಡಿ.

ಮೊದಲ ಪ್ರಶ್ನೆ: ಪ್ರೊಸೆಸ್ ನಿಂತದ್ದು ಹೇಗೆ?

"ಆ್ಯಪ್ ಕ್ರ್ಯಾಶ್ ಆಯಿತು" ಎಂಬ ಒಂದೇ ಮಾತಿನ ಹಿಂದೆ ನಾಲ್ಕು ಬೇರೆ ಬೇರೆ ಘಟನೆಗಳಿರಬಹುದು. ಎಕ್ಸಿಟ್ ಕೋಡ್ (ಪ್ರೊಸೆಸ್ ನಿಂತಾಗ ಬಿಟ್ಟುಹೋಗುವ ಸಂಖ್ಯೆ) ನೋಡಿದರೆ ಅರ್ಧ ವಿಷಯ ಅಲ್ಲೇ ತಿಳಿಯುತ್ತದೆ.

ಕೋಡ್ 137 ಇದ್ದರೆ ಪ್ರೊಸೆಸ್ಸನ್ನು ಹೊರಗಿನಿಂದ ಕೊಂದಿದ್ದಾರೆ ಎಂದರ್ಥ: 128ಕ್ಕೆ ಕಿಲ್ ಸಿಗ್ನಲ್‌ನ ಸಂಖ್ಯೆ 9 ಸೇರಿ 137. ಕಂಟೇನರ್‌ಗಳನ್ನು ನಡೆಸುವ ಕುಬರ್ನೆಟಿಸ್‌ನಲ್ಲಿ ಪಾಡ್‌ನ (ಕಂಟೇನರ್‌ಗಳ ಗುಂಪಿನ) ವಿವರ ತೆಗೆದಾಗ "ಒಒಎಂ ಕಿಲ್ಡ್" ಎಂದು ಕಾಣಿಸಿದರೆ, ಅಥವಾ ಲಿನಕ್ಸ್‌ನಲ್ಲಿ ಡಿಮೆಸೇಜ್ ಕಮಾಂಡ್‌ನ ಔಟ್‌ಪುಟ್‌ನಲ್ಲಿ "ಔಟ್ ಆಫ್ ಮೆಮೊರಿ: ಕಿಲ್ಡ್ ಪ್ರೊಸೆಸ್" ಎಂಬ ಸಾಲು ಸಿಕ್ಕರೆ, ಕೊಂದದ್ದು ಕರ್ನಲ್. ಹೀಗಾದಾಗ ಜಾವಾ ಲಾಗ್‌ನಲ್ಲಿ ಒಂದಕ್ಷರವೂ ಇರುವುದಿಲ್ಲ, ಹೀಪ್ ಡಂಪ್ (ಹೀಪ್‌ನ ನಕಲಿನ ಫೈಲ್) ಕೂಡ ಇರುವುದಿಲ್ಲ. ಜೆವಿಎಂಗೆ ಕೊನೆಯ ಮಾತು ಹೇಳಲೂ ಅವಕಾಶ ಸಿಕ್ಕಿರುವುದಿಲ್ಲ. ಲಾಗ್ ಖಾಲಿ ಇದೆ ಎಂಬುದೇ ಇಲ್ಲಿ ಒಂದು ಸುಳಿವು.

ಕೋಡ್ 134 ಎಂದರೆ ಸಾಮಾನ್ಯವಾಗಿ ಜೆವಿಎಂ ತಾನೇ ಕುಸಿದಿದೆ. ಆಗ ಪ್ರೊಸೆಸ್ ಓಡುತ್ತಿದ್ದ ಡೈರೆಕ್ಟರಿಯಲ್ಲಿ ಎಚ್‌ಎಸ್-ಎರ್-ಪಿಐಡಿ ಎಂದು ಶುರುವಾಗುವ ಲಾಗ್ ಫೈಲ್ ಸಿಗುತ್ತದೆ. ಕೋಡ್ 143 ಎಂದರೆ ಯಾರೋ ಮರ್ಯಾದೆಯಾಗಿಯೇ ನಿಲ್ಲಿಸಲು ಹೇಳಿದ್ದಾರೆ. ಡಿಪ್ಲಾಯ್ ಆಗಿರಬಹುದು, ಲೈವ್‌ನೆಸ್ ಪ್ರೋಬ್ (ಆ್ಯಪ್ ಬದುಕಿದೆಯೇ ಎಂದು ಕುಬರ್ನೆಟಿಸ್ ಮಾಡುವ ಪರೀಕ್ಷೆ) ಸೋತಿರಬಹುದು. ಅದು ಮೆಮೊರಿಯ ಸಮಸ್ಯೆಯೇ ಆಗಿರಬೇಕಿಲ್ಲ.

ಇನ್ನುಳಿದದ್ದು, ಪ್ರೊಸೆಸ್ ಬದುಕಿದ್ದೂ ಅಥವಾ ತಾನಾಗಿ ನಿಂತೂ ಲಾಗ್‌ನಲ್ಲಿ ಔಟ್ ಆಫ್ ಮೆಮೊರಿ ಎರರ್ ಬಿಟ್ಟುಹೋಗುವ ಪ್ರಕರಣ. ಇದರಲ್ಲಿ ಎರರ್‌ನ ಹೆಸರಿಗಿಂತ ಅದರ ಪಕ್ಕದಲ್ಲಿರುವ ಸಂದೇಶವೇ ಮುಖ್ಯ.

- "ಜಾವಾ ಹೀಪ್ ಸ್ಪೇಸ್": ಹೀಪ್ ತುಂಬಿದೆ. ಸೋರಿಕೆ (ಬೇಡವಾದ ಆಬ್ಜೆಕ್ಟ್‌ಗಳು ಬಿಡುಗಡೆಯಾಗದೆ ಉಳಿಯುವುದು) ಇರಬಹುದು, ಒಂದೇ ರಿಕ್ವೆಸ್ಟ್ ಲಕ್ಷಾಂತರ ಸಾಲುಗಳನ್ನು ಒಟ್ಟಿಗೆ ಎಳೆದಿರಬಹುದು, ಅಥವಾ ಹೀಪ್ ನಿಜವಾಗಿಯೂ ಚಿಕ್ಕದಿರಬಹುದು.
- "ಜಿಸಿ ಓವರ್‌ಹೆಡ್ ಲಿಮಿಟ್ ಎಕ್ಸೀಡೆಡ್": ಶೇ. 98ಕ್ಕಿಂತ ಹೆಚ್ಚು ಸಮಯ ಜಿಸಿಗೇ (ಗಾರ್ಬೇಜ್ ಕಲೆಕ್ಷನ್, ಅಂದರೆ ಬೇಡದ ಆಬ್ಜೆಕ್ಟ್‌ಗಳನ್ನು ತೆರವು ಮಾಡುವ ಕೆಲಸಕ್ಕೇ) ಹೋಗುತ್ತಿದೆ, ಬಿಡುಗಡೆಯಾಗುತ್ತಿರುವುದು ಹೀಪ್‌ನ ಶೇ. 2ಕ್ಕಿಂತ ಕಡಿಮೆ. ಮೂಲ ಕಾರಣ ಮೇಲಿನದ್ದೇ. ಈ ಮಿತಿಯನ್ನು ತೆಗೆದುಹಾಕಲು ಒಂದು ಫ್ಲಾಗ್ ಇದೆ, ಅದನ್ನು ಬಳಸಬೇಡಿ. ಸರ್ವರ್ ಸಾಯುವ ಬದಲು ಗಂಟೆಗಟ್ಟಲೆ ನರಳುತ್ತದೆ.
- "ಮೆಟಾಸ್ಪೇಸ್": ಕ್ಲಾಸ್‌ಗಳ ಮಾಹಿತಿ ತುಂಬಿದೆ. ಹೀಪ್ ಹೆಚ್ಚಿಸಿದರೆ ಏನೂ ಆಗದು.
- "ಅನೇಬಲ್ ಟು ಕ್ರಿಯೇಟ್ ನೇಟಿವ್ ಥ್ರೆಡ್": ಹೊಸ ಥ್ರೆಡ್‌ಗೆ ಆಪರೇಟಿಂಗ್ ಸಿಸ್ಟಂ ಒಪ್ಪುತ್ತಿಲ್ಲ. ಹೆಸರಲ್ಲಿ ಮೆಮೊರಿ ಇದ್ದರೂ ಹೆಚ್ಚಿನ ಸಲ ಅಡ್ಡಿಯಾಗಿರುವುದು ಥ್ರೆಡ್ ಸಂಖ್ಯೆಯ ಮಿತಿ.
- "ಡೈರೆಕ್ಟ್ ಬಫರ್ ಮೆಮೊರಿ": ಹೀಪ್‌ನ ಹೊರಗಿನ ಎನ್‌ಐಒ (ಜಾವಾದ ಇನ್‌ಪುಟ್-ಔಟ್‌ಪುಟ್ ಲೈಬ್ರರಿ) ಬಫರ್‌ಗಳು ಮಿತಿ ಮುಟ್ಟಿವೆ. ಬೇರೆ ಹೇಳದಿದ್ದರೆ ಈ ಮಿತಿ ಗರಿಷ್ಠ ಹೀಪ್‌ನಷ್ಟೇ ಇರುತ್ತದೆ.

ಮುಂಚೆಯೇ ಹಾಕಿಡಬೇಕಾದ ಫ್ಲಾಗ್‌ಗಳು

ಇವು ಜೆವಿಎಂ ಶುರುಮಾಡುವಾಗ ಕೊಡುವ ಆಯ್ಕೆಗಳು. ಕೊನೆಯದನ್ನು ಬಿಟ್ಟರೆ ಉಳಿದವು ಸಮಸ್ಯೆ ಬಂದ ಮೇಲೆ ಹಾಕುವಂಥವಲ್ಲ. ಪ್ರೊಡಕ್ಷನ್‌ನ ಪ್ರತಿ ಜೆವಿಎಂನಲ್ಲೂ ಮೊದಲ ದಿನದಿಂದಲೇ ಇರಬೇಕು.

1. ಹೀಪ್ ಡಂಪ್ ಆನ್ ಔಟ್ ಆಫ್ ಮೆಮೊರಿ ಎರರ್, ಜೊತೆಗೆ ಹೀಪ್ ಡಂಪ್ ಪಾತ್. ಡಂಪ್ ಫೈಲ್ ಹೆಚ್ಚುಕಡಿಮೆ ಬಳಕೆಯಲ್ಲಿರುವ ಹೀಪ್‌ನಷ್ಟೇ ದೊಡ್ಡದಿರುತ್ತದೆ. 4 ಜಿಬಿ ಹೀಪ್ ಇದ್ದರೆ ಡಿಸ್ಕ್‌ನಲ್ಲಿ ಕನಿಷ್ಠ 5 ಜಿಬಿ ಖಾಲಿ ಇಡಿ.
2. ಎಕ್ಸಿಟ್ ಆನ್ ಔಟ್ ಆಫ್ ಮೆಮೊರಿ ಎರರ್. ಈ ಎರರ್ ಬಂದ ಮೇಲೆ ಯಾವ ಥ್ರೆಡ್ ಸತ್ತಿದೆ, ಯಾವುದು ಅರ್ಧಕ್ಕೆ ನಿಂತಿದೆ ಎಂದು ಹೇಳಲಾಗದು. ಅಂಥ ಪ್ರೊಸೆಸ್ ನಿಂತು ಹೊಸದಾಗಿ ಏಳುವುದೇ ಕ್ಷೇಮ. ಆಗ ಎಕ್ಸಿಟ್ ಕೋಡ್ 3 ಬರುತ್ತದೆ.
3. ಜಿಸಿ ಲಾಗ್. ಜಾವಾ 9ರಿಂದ ಎಕ್ಸ್‌ಲಾಗ್ ಆಯ್ಕೆಯಲ್ಲಿ ಜಿಸಿ ಎಂದು ಬರೆದು, ಫೈಲ್ ಹೆಸರು, ಫೈಲ್‌ಗಳ ಸಂಖ್ಯೆ 5, ಪ್ರತಿಯೊಂದರ ಗಾತ್ರ 20 ಎಂಬಿ ಎಂದು ಕೊಟ್ಟರೆ ಸಾಕು. ಇದರ ಹೊರೆ ತೀರಾ ಕಡಿಮೆ.
4. ಎರರ್ ಫೈಲ್. ಜೆವಿಎಂ ಕುಸಿದಾಗ ಹುಟ್ಟುವ ಫೈಲ್ ಉಳಿಯುವ ಜಾಗಕ್ಕೆ ಹೋಗಲಿ.
5. ನೇಟಿವ್ ಮೆಮೊರಿ ಟ್ರ್ಯಾಕಿಂಗ್, ಸಮ್ಮರಿ ಮಟ್ಟದಲ್ಲಿ. ಇದರಿಂದ ವೇಗ ಶೇ. 5ರಿಂದ 10ರಷ್ಟು ತಗ್ಗಬಹುದು, ಹಾಗಾಗಿ ಹೀಪ್‌ನ ಹೊರಗೆ ಸೋರಿಕೆ ಇದೆಯೆಂಬ ಶಂಕೆ ಬಂದಾಗ ಹಾಕಿದರೆ ಸಾಕು.

ಕಂಟೇನರ್‌ನಲ್ಲಿ ಎರಡು ಬಲೆಗಳಿವೆ. ಡಂಪ್ ಪಾತ್‌ಗೆ ಡೈರೆಕ್ಟರಿ ಕೊಟ್ಟರೆ ಫೈಲ್ ಹೆಸರಿನಲ್ಲಿ ಪ್ರೊಸೆಸ್ ಐಡಿ ಸೇರುತ್ತದೆ. ಕಂಟೇನರ್‌ನಲ್ಲಿ ಜಾವಾದ ಐಡಿ ಸಾಮಾನ್ಯವಾಗಿ 1 ಆಗಿರುವುದರಿಂದ ಪ್ರತಿ ಸಲವೂ ಹೆಸರು ಅದೇ. ಹಳೆಯ ಫೈಲ್ ಅಲ್ಲೇ ಇದ್ದರೆ ಜೆವಿಎಂ ಅದರ ಮೇಲೆ ಬರೆಯುವುದಿಲ್ಲ, "ಫೈಲ್ ಎಕ್ಸಿಸ್ಟ್ಸ್" ಎಂದು ಹೇಳಿ ಹೊಸ ಡಂಪ್ ಕೈಬಿಡುತ್ತದೆ. ಸ್ಟಾರ್ಟಪ್ ಸ್ಕ್ರಿಪ್ಟ್‌ನಲ್ಲೇ ದಿನಾಂಕ ಮತ್ತು ವೇಳೆಯ ಹೆಸರಿನ ಡೈರೆಕ್ಟರಿ ಸೃಷ್ಟಿಸಿ ಅದನ್ನು ಪಾತ್ ಆಗಿ ಕೊಡಿ. ಎರಡನೆಯ ಬಲೆ, ಡಂಪ್ ಕಂಟೇನರ್‌ನ ಸ್ವಂತ ಫೈಲ್ ಸಿಸ್ಟಂನಲ್ಲಿ ಕೂತರೆ ರೀಸ್ಟಾರ್ಟ್‌ನೊಂದಿಗೆ ಅದೂ ಹೋಗುತ್ತದೆ. ಎಂಪ್ಟಿಡಿರ್ ವಾಲ್ಯೂಮ್ ಕಂಟೇನರ್ ರೀಸ್ಟಾರ್ಟ್ ಆದರೂ ಉಳಿಯುತ್ತದೆ, ಆದರೆ ಪಾಡ್ ಅಳಿಸಿದರೆ ಹೋಗುತ್ತದೆ. ಶಾಶ್ವತ ವಾಲ್ಯೂಮ್ ಇದ್ದರೆ ಒಳ್ಳೆಯದು.

ಹೀಪ್ ಡಂಪ್ ಎಂದರೆ ಆ ಕ್ಷಣದ ಮೆಮೊರಿಯ ಪೂರ್ತಿ ನಕಲು. ಪಾಸ್‌ವರ್ಡ್, ಸೆಷನ್ ಟೋಕನ್, ಗ್ರಾಹಕರ ವೈಯಕ್ತಿಕ ಮಾಹಿತಿ ಎಲ್ಲವೂ ಅದರಲ್ಲಿ ಓದುವಂತೆಯೇ ಇರುತ್ತವೆ. ಅದನ್ನು ಚಾಟ್ ಗುಂಪಿನಲ್ಲಿ ಹಂಚಬೇಡಿ, ಟಿಕೆಟ್‌ಗೆ ಅಂಟಿಸಬೇಡಿ, ಕೆಲಸ ಮುಗಿದ ಮೇಲೆ ಅಳಿಸಿ. ಡೇಟಾಬೇಸ್ ಬ್ಯಾಕಪ್‌ಗೆ ಎಷ್ಟು ಕಾವಲು ಇದೆಯೋ ಇದಕ್ಕೂ ಅಷ್ಟೇ ಇರಲಿ.

ಇದು ನಿಜವಾಗಿಯೂ ಸೋರಿಕೆಯೇ?

ಹೀಪ್ ಬಳಕೆಯ ಗ್ರಾಫ್ ಮೇಲೇರುತ್ತಿದೆ ಎಂಬುದು ಸೋರಿಕೆಗೆ ಪುರಾವೆಯಲ್ಲ. ಜಾವಾದಲ್ಲಿ ಗ್ರಾಫ್ ಏರುವುದು, ಜಿಸಿ ಬಂದಾಗ ಇಳಿಯುವುದು ಸಹಜ. ನೋಡಬೇಕಾದದ್ದು ಇಳಿದ ಮೇಲಿನ ತಳಮಟ್ಟವನ್ನು. ಸೋಮವಾರ ಜಿಸಿ ಆದ ಮೇಲೆ 600 ಎಂಬಿ ಉಳಿಯುತ್ತಿತ್ತು, ಅದೇ ಹೊರೆಯಲ್ಲಿ ಬುಧವಾರ 1100 ಎಂಬಿ ಉಳಿಯುತ್ತಿದೆ ಎಂದಾದರೆ ಆ ವ್ಯತ್ಯಾಸಕ್ಕೆ ಉತ್ತರ ಹುಡುಕಲೇಬೇಕು.

ಜಾವಾ 9ರಿಂದ ಸರ್ವರ್‌ಗಳಲ್ಲಿ ಜಿ1 ಕಲೆಕ್ಟರ್ ಡೀಫಾಲ್ಟ್. ಅದರ ಯಂಗ್ ಕಲೆಕ್ಷನ್ ಹಳೆಯ ಆಬ್ಜೆಕ್ಟ್‌ಗಳ ಗೊಡವೆಗೆ ಹೋಗುವುದಿಲ್ಲ. ಆದ್ದರಿಂದ ತಳಮಟ್ಟ ಅಳೆಯುವಾಗ ಜಿಸಿ ಲಾಗ್‌ನಲ್ಲಿ ಮಿಕ್ಸ್ಡ್ ಕಲೆಕ್ಷನ್‌ಗಳ (ಹೊಸ, ಹಳೆಯ ಆಬ್ಜೆಕ್ಟ್ ಎರಡನ್ನೂ ನೋಡುವವುಗಳ) ಸರಣಿ ಮುಗಿದ ಮೇಲಿನ, ಇಲ್ಲವೇ ಫುಲ್ ಜಿಸಿ ಆದ ಮೇಲಿನ ಅಂಕಿ ತೆಗೆದುಕೊಳ್ಳಿ. ಲಾಗ್ ಇಲ್ಲದಿದ್ದರೆ ಜಾವಾದ ಜೊತೆಗೇ ಬರುವ ಜೆಸ್ಟ್ಯಾಟ್ ಸಾಧನದ ಜಿಸಿಯುಟಿಲ್ ಆಯ್ಕೆಯನ್ನು 1000 ಮಿಲಿಸೆಕೆಂಡ್ ಅಂತರದಲ್ಲಿ ಓಡಿಸಿ. "ಓ" ಕಾಲಂ ಓಲ್ಡ್ ಜನರೇಷನ್‌ನ (ಹಳೆಯ ಆಬ್ಜೆಕ್ಟ್‌ಗಳಿರುವ ಭಾಗದ) ಶೇಕಡಾವಾರು, "ಎಂ" ಕಾಲಂ ಮೆಟಾಸ್ಪೇಸ್, "ಎಫ್‌ಜಿಸಿ" ಫುಲ್ ಜಿಸಿಗಳ ಎಣಿಕೆ. ಎಫ್‌ಜಿಸಿ ಮತ್ತೆ ಮತ್ತೆ ಏರುತ್ತಾ, "ಓ" 90ರ ಮೇಲೆಯೇ ನಿಂತಿದ್ದರೆ ಸರ್ವರ್‌ಗೆ ಹೆಚ್ಚು ಹೊತ್ತು ಉಳಿದಿಲ್ಲ.

ಮುಂದಿನ ಹೆಜ್ಜೆ ಕ್ಲಾಸ್ ಹಿಸ್ಟೋಗ್ರಾಂ, ಅಂದರೆ ಯಾವ ಕ್ಲಾಸ್‌ನ ಆಬ್ಜೆಕ್ಟ್‌ಗಳು ಎಷ್ಟಿವೆ ಎಂಬ ಎಣಿಕೆ. ಜಾವಾದ ಜೊತೆ ಬರುವ ಇನ್ನೊಂದು ಸಾಧನ ಜೆಸಿಎಂಡಿಗೆ ಪ್ರೊಸೆಸ್ ಐಡಿ ಕೊಟ್ಟು ಜಿಸಿ ಡಾಟ್ ಕ್ಲಾಸ್ ಹಿಸ್ಟೋಗ್ರಾಂ ಎಂದು ಕೇಳಿ. ಜಾವಾ ಯಾವ ಯೂಸರ್‌ನ ಹೆಸರಲ್ಲಿ ಓಡುತ್ತಿದೆಯೋ ಅದೇ ಯೂಸರ್ ಆಗಿ ಓಡಿಸಬೇಕು, ಇಲ್ಲದಿದ್ದರೆ ಕನೆಕ್ಟ್ ಆಗದೆ ಎರರ್ ಬರಬಹುದು. ಈ ಕಮಾಂಡ್ ಡೀಫಾಲ್ಟ್ ಆಗಿ ಒಂದು ಫುಲ್ ಜಿಸಿ ಮಾಡಿಯೇ ಎಣಿಸುತ್ತದೆ. ಕ್ಷಣಕಾಲ ಆ್ಯಪ್ ನಿಲ್ಲುತ್ತದೆ ಎಂಬುದು ಗೊತ್ತಿರಲಿ. ಅರ್ಧ ಗಂಟೆ ಅಂತರದಲ್ಲಿ ಮೂರು ಸಲ ತೆಗೆದು ಹೋಲಿಸಿ. ಮೇಲಿನ ಸಾಲುಗಳಲ್ಲಿ ಬೈಟ್ ಅರೇ, ಸ್ಟ್ರಿಂಗ್, ಹ್ಯಾಶ್‌ಮ್ಯಾಪ್ ನೋಡ್ ಯಾವಾಗಲೂ ಇರುತ್ತವೆ, ಅವನ್ನು ನೋಡಿ ದಾರಿ ತಪ್ಪಬೇಡಿ. ನಿಮ್ಮದೇ ಪ್ಯಾಕೇಜಿನ ಕ್ಲಾಸ್‌ಗಳಲ್ಲಿ ಮೂರೂ ಸಲ ಏರುತ್ತಲೇ ಇರುವುದು ಯಾವುದು ಎಂದು ಹುಡುಕಿ. ಹಲವು ಸಲ ಇಲ್ಲೇ ಉತ್ತರ ಸಿಗುತ್ತದೆ, ಡಂಪ್‌ವರೆಗೆ ಹೋಗಬೇಕಾಗುವುದೇ ಇಲ್ಲ.

ಹೀಪ್ ಡಂಪ್ ತೆಗೆಯುವುದು ಮತ್ತು ಓದುವುದು

ಜೆಸಿಎಂಡಿಯ ಜಿಸಿ ಡಾಟ್ ಹೀಪ್ ಡಂಪ್ ಕಮಾಂಡ್‌ಗೆ ಪೂರ್ತಿ ಫೈಲ್ ಪಾತ್ ಕೊಡಿ. ಡಂಪ್ ಬರೆಯುವಷ್ಟು ಹೊತ್ತು ಆ್ಯಪ್ ಸ್ತಬ್ಧವಾಗಿರುತ್ತದೆ. ದೊಡ್ಡ ಹೀಪ್, ನಿಧಾನದ ಡಿಸ್ಕ್ ಇದ್ದರೆ ಇದು ನಿಮಿಷ ದಾಟಬಹುದು. ಮೊದಲು ಆ ಸರ್ವರನ್ನು ಲೋಡ್ ಬ್ಯಾಲೆನ್ಸರ್‌ನಿಂದ ಹೊರತೆಗೆಯಿರಿ. ಲೈವ್‌ನೆಸ್ ಪ್ರೋಬ್ ಇದ್ದರೆ ಅದರ ಅವಧಿಯನ್ನು ಹಿಗ್ಗಿಸಿಟ್ಟಿರಬೇಕು, ಇಲ್ಲವಾದರೆ ಡಂಪ್ ಅರ್ಧವಾಗಿರುವಾಗಲೇ ಕುಬರ್ನೆಟಿಸ್ ಪಾಡನ್ನು ಕೊಲ್ಲುತ್ತದೆ ಮತ್ತು ನಿಮ್ಮ ಕೈಗೆ ತೆರೆಯಲಾಗದ ಫೈಲ್ ಸಿಗುತ್ತದೆ.

ಓದಲು ಎಕ್ಲಿಪ್ಸ್ ಮೆಮೊರಿ ಅನಲೈಸರ್ ಒಳ್ಳೆಯ ಸಾಧನ. ಬಳಸುವವರು ಮ್ಯಾಟ್ ಎನ್ನುತ್ತಾರೆ. ದೊಡ್ಡ ಡಂಪ್ ತೆರೆಯಲು ಮ್ಯಾಟ್‌ಗೇ ಸಾಕಷ್ಟು ಹೀಪ್ ಬೇಕು. ಅದರ ಐಎನ್‌ಐ ಫೈಲ್‌ನಲ್ಲಿ ಗರಿಷ್ಠ ಹೀಪ್ ಹೆಚ್ಚಿಸಿ. ತೆರೆದಾಗ ಲೀಕ್ ಸಸ್ಪೆಕ್ಟ್ಸ್ ವರದಿ ಬರುತ್ತದೆ. ಅದನ್ನು ಓದಿ, ಆದರೆ ಅದೇ ತೀರ್ಪು ಎಂದುಕೊಳ್ಳಬೇಡಿ: ಬೇಕೆಂದೇ ಇಟ್ಟ ದೊಡ್ಡ ಕ್ಯಾಶನ್ನೂ ಅದು ಶಂಕಿತ ಎಂದೇ ತೋರಿಸುತ್ತದೆ. ನಂತರ ಡಾಮಿನೇಟರ್ ಟ್ರೀ (ಯಾವ ಆಬ್ಜೆಕ್ಟ್ ಯಾವುದನ್ನು ಉಳಿಸಿಕೊಂಡಿದೆ ಎಂಬ ಮರ) ತೆರೆದು ರಿಟೇನ್ಡ್ ಹೀಪ್ ಪ್ರಕಾರ ಜೋಡಿಸಿ. ಶ್ಯಾಲೋ ಹೀಪ್ ಎಂದರೆ ಆ ಆಬ್ಜೆಕ್ಟ್ ಒಂದರ ಸ್ವಂತ ಗಾತ್ರ; ರಿಟೇನ್ಡ್ ಹೀಪ್ ಎಂದರೆ ಅದು ಹೋದರೆ ಅದರೊಂದಿಗೆ ಎಷ್ಟು ಮೆಮೊರಿ ಬಿಡುಗಡೆಯಾಗುತ್ತದೆ ಎಂಬುದು. ಬೇಕಾದದ್ದು ಎರಡನೆಯದು.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಡಾಮಿನೇಟರ್ ಟ್ರೀಯಲ್ಲಿ ಮೇಲೆ ಆ್ಯಪ್ ಓಡಿಸುವ ಟಾಮ್‌ಕ್ಯಾಟ್ ಸರ್ವರ್‌ನ ಥ್ರೆಡ್‌ಗಳೇ ಸಾಲಾಗಿ ಕೂತಿವೆ, ಒಂದೊಂದೂ 8ರಿಂದ 10 ಎಂಬಿ ಹಿಡಿದಿದೆ ಎಂದುಕೊಳ್ಳಿ. ಒಂದನ್ನು ಬಿಡಿಸಿದರೆ ಥ್ರೆಡ್‌ಲೋಕಲ್ಸ್ ಫೀಲ್ಡ್, ಅದರೊಳಗೆ ಥ್ರೆಡ್‌ಲೋಕಲ್‌ಮ್ಯಾಪ್, ಅದರ ಟೇಬಲ್‌ನಲ್ಲಿ ಒಂದು ಎಂಟ್ರಿ, ಎಂಟ್ರಿಯ ವ್ಯಾಲ್ಯೂನಲ್ಲಿ ಒಂದು ಅರೇಲಿಸ್ಟ್, ಲಿಸ್ಟ್‌ನಲ್ಲಿ ಸಾವಿರಾರು ಆಡಿಟ್ ದಾಖಲೆಗಳು. ಆಗಿರುವುದು ಇಷ್ಟು: ಒಂದು ಫಿಲ್ಟರ್ ಪ್ರತಿ ರಿಕ್ವೆಸ್ಟ್‌ನಲ್ಲೂ ಥ್ರೆಡ್‌ಲೋಕಲ್‌ನಲ್ಲಿರುವ (ಥ್ರೆಡ್‌ಗೊಂದರಂತೆ ಪ್ರತ್ಯೇಕವಾಗಿರುವ) ಪಟ್ಟಿಗೆ ದಾಖಲೆ ಸೇರಿಸುತ್ತಿದೆ, ಯಾರೂ ತೆಗೆಯುತ್ತಿಲ್ಲ. ರಿಕ್ವೆಸ್ಟ್ ಮುಗಿದರೂ ಥ್ರೆಡ್ ಸಾಯುವುದಿಲ್ಲ, ಪೂಲ್‌ಗೆ ಮರಳಿ ಮುಂದಿನ ರಿಕ್ವೆಸ್ಟ್‌ಗೆ ಹೋಗುತ್ತದೆ. ಟಾಮ್‌ಕ್ಯಾಟ್‌ನ ಡೀಫಾಲ್ಟ್ ಗರಿಷ್ಠ 200 ಥ್ರೆಡ್. 200ನ್ನು 10 ಎಂಬಿಯಿಂದ ಗುಣಿಸಿದರೆ 2 ಜಿಬಿ ಹತ್ತಿರ. ಥ್ರೆಡ್‌ಲೋಕಲ್‌ನ ಕೀಲಿ ವೀಕ್ ರೆಫರೆನ್ಸ್ (ಜಿಸಿಯನ್ನು ತಡೆಯದ ಹಿಡಿತ) ಆಗಿರುವುದರಿಂದ ತಾನಾಗಿಯೇ ಹೋಗುತ್ತದೆ ಎಂಬ ನಂಬಿಕೆ ಹಲವರಲ್ಲಿದೆ. ಕೀಲಿ ಮಾತ್ರ ವೀಕ್, ವ್ಯಾಲ್ಯೂ ಗಟ್ಟಿ ರೆಫರೆನ್ಸ್. ಥ್ರೆಡ್‌ಲೋಕಲ್ ಸ್ಟ್ಯಾಟಿಕ್ ಫೀಲ್ಡ್‌ನಲ್ಲಿದ್ದರಂತೂ ಕೀಲಿಯೂ ಹೋಗುವುದಿಲ್ಲ. ಪರಿಹಾರ: ಫಿಲ್ಟರ್‌ನ ಫೈನಲಿ ಬ್ಲಾಕ್‌ನಲ್ಲಿ ರಿಮೂವ್ ಕರೆಯಿರಿ.

ಯಾವುದೇ ಆಬ್ಜೆಕ್ಟ್ ಏಕೆ ಉಳಿದಿದೆ ಎಂದು ತಿಳಿಯಲು ಅದರ ಮೇಲೆ ಪಾತ್ ಟು ಜಿಸಿ ರೂಟ್ಸ್ (ಅದನ್ನು ಹಿಡಿದಿರುವ ರೆಫರೆನ್ಸ್‌ಗಳ ಸರಪಳಿ) ಆರಿಸಿ, ವೀಕ್ ಮತ್ತು ಸಾಫ್ಟ್ ರೆಫರೆನ್ಸ್‌ಗಳನ್ನು ಬಿಟ್ಟು ನೋಡಿ. ಆ ಸರಪಳಿಯಲ್ಲಿ ನಿಮ್ಮ ಕೋಡ್‌ನ ಫೀಲ್ಡ್ ಹೆಸರು ಕಂಡ ಕೊಂಡಿಯೇ ಸರಿಪಡಿಸಬೇಕಾದ ಜಾಗ.

ಮತ್ತೆ ಮತ್ತೆ ಸಿಕ್ಕಿಬೀಳುವ ಕಾರಣಗಳು

ಸ್ಟ್ಯಾಟಿಕ್ ಮ್ಯಾಪನ್ನೇ ಕ್ಯಾಶ್ ಎಂದು ಬಳಸುವುದು ಬಹುಶಃ ಎಲ್ಲಕ್ಕಿಂತ ಸಾಮಾನ್ಯ. ಗರಿಷ್ಠ ಸಂಖ್ಯೆಯಾಗಲಿ ಅವಧಿಯಾಗಲಿ ಇಲ್ಲದ್ದು ಕ್ಯಾಶ್ ಅಲ್ಲ, ಅದು ಸೋರಿಕೆಯೇ. ಕೆಫೀನ್‌ನಂಥ ಲೈಬ್ರರಿ ಬಳಸಿ ಎರಡೂ ಮಿತಿ ಹಾಕಿ. ಕೀಲಿಯಾಗಿರುವ ಕ್ಲಾಸ್‌ನಲ್ಲಿ ಈಕ್ವಲ್ಸ್ ಮತ್ತು ಹ್ಯಾಶ್‌ಕೋಡ್ ಬರೆದಿಲ್ಲದಿದ್ದರೆ, ಅಥವಾ ಮ್ಯಾಪ್‌ಗೆ ಹಾಕಿದ ಮೇಲೆ ಕೀಲಿಯ ಫೀಲ್ಡ್ ಬದಲಾಗಿದ್ದರೆ, ರಿಮೂವ್ ಕರೆದರೂ ಎಂಟ್ರಿ ಹೋಗುವುದಿಲ್ಲ. ಕೋಡ್ ನೋಡಿದರೆ ಎಲ್ಲ ಸರಿ ಇದ್ದಂತೆಯೇ ಕಾಣುತ್ತದೆ, ಮ್ಯಾಪ್ ಮಾತ್ರ ಬೆಳೆಯುತ್ತಲೇ ಇರುತ್ತದೆ.

ಸೆಷನ್‌ಗೆ ಸರ್ಚ್ ಫಲಿತಾಂಶದ ಪೂರ್ತಿ ಪಟ್ಟಿಯನ್ನು ತುರುಕುವುದು ಇನ್ನೊಂದು. ಟಾಮ್‌ಕ್ಯಾಟ್‌ನಲ್ಲಿ ಸೆಷನ್ ಡೀಫಾಲ್ಟ್ ಆಗಿ 30 ನಿಮಿಷ ಬದುಕುತ್ತದೆ. ಕುಕಿ ಇಟ್ಟುಕೊಳ್ಳದ ಬಾಟ್‌ಗಳು ಪ್ರತಿ ರಿಕ್ವೆಸ್ಟ್‌ಗೂ ಹೊಸ ಸೆಷನ್ ಹುಟ್ಟಿಸುತ್ತವೆ, ಹೆಲ್ತ್ ಚೆಕ್ ಕೂಡ ಹಾಗೆಯೇ ಮಾಡಬಹುದು. ಸೆಷನ್ ಬೇಡದ ಪುಟಗಳಲ್ಲಿ ಅದನ್ನು ಸೃಷ್ಟಿಸಲೇಬೇಡಿ. ಜೆಎಸ್‌ಪಿ ಪುಟಗಳು ಹೇಳದೆಯೇ ಸೆಷನ್ ತೆರೆಯುತ್ತವೆ, ಪೇಜ್ ಡೈರೆಕ್ಟಿವ್‌ನಲ್ಲಿ ಸೆಷನ್ ಫಾಲ್ಸ್ ಎಂದು ಹಾಕಬೇಕು.

ಎಕ್ಸಿಕ್ಯೂಟರ್ಸ್‌ನ ನ್ಯೂ ಫಿಕ್ಸ್ಡ್ ಥ್ರೆಡ್ ಪೂಲ್ ಸುರಕ್ಷಿತ ಎನಿಸುತ್ತದೆ, ಆದರೆ ಅದರ ಕ್ಯೂಗೆ ಮಿತಿ ಇಲ್ಲ. ಹಿಂದಿರುವ ಸೇವೆ ನಿಧಾನವಾದರೆ ಕೆಲಸಗಳು ಕ್ಯೂನಲ್ಲಿ ಲಕ್ಷಗಟ್ಟಲೆ ಸೇರುತ್ತವೆ. ಥ್ರೆಡ್‌ಪೂಲ್‌ಎಕ್ಸಿಕ್ಯೂಟರನ್ನು ನೀವೇ ಕಟ್ಟಿ, ಮಿತಿಯ ಕ್ಯೂ ಮತ್ತು ತಿರಸ್ಕಾರದ ನೀತಿ ಎರಡನ್ನೂ ಕೊಡಿ.

ಡೇಟಾಬೇಸ್ ಲೈಬ್ರರಿ ಹೈಬರ್ನೇಟ್‌ನಲ್ಲಿ ಇನ್ ಕ್ಲಾಜ್‌ಗೆ (ಕ್ವೆರಿಯಲ್ಲಿ ಮೌಲ್ಯಗಳ ಪಟ್ಟಿ ಕೊಡುವ ಭಾಗಕ್ಕೆ) ಪ್ರತಿ ಸಲ ಬೇರೆ ಬೇರೆ ಸಂಖ್ಯೆಯ ಪ್ಯಾರಾಮೀಟರ್ ಹೋದರೆ ಒಂದೊಂದಕ್ಕೂ ಬೇರೆ ಕ್ವೆರಿ ಪ್ಲಾನ್ ಕ್ಯಾಶ್‌ನಲ್ಲಿ ಕೂರುತ್ತದೆ. ಕ್ಯಾಶ್‌ಗೆ 2048 ಎಂಬ ಡೀಫಾಲ್ಟ್ ಮಿತಿ ಇದ್ದರೂ ದೊಡ್ಡ ಕ್ವೆರಿಗಳ ಪ್ಲಾನ್‌ಗಳು ನೂರಾರು ಎಂಬಿ ತಿನ್ನಬಲ್ಲವು. ಇನ್ ಕ್ಲಾಜ್ ಪ್ಯಾರಾಮೀಟರ್ ಪ್ಯಾಡಿಂಗ್ ಆನ್ ಮಾಡಿದರೆ ಸಂಖ್ಯೆ 2ರ ಘಾತಗಳಿಗೆ ಏರಿ, ಪ್ಲಾನ್‌ಗಳ ವೈವಿಧ್ಯ ತಗ್ಗುತ್ತದೆ.

ಫೈಲ್ ಅಪ್‌ಲೋಡ್ ಮಾಡುವಲ್ಲಿ ಡಿಲೀಟ್ ಆನ್ ಎಕ್ಸಿಟ್ ಕರೆಯುವವರಿದ್ದಾರೆ. ಅದು ಫೈಲ್ ಪಾತನ್ನು ಜೆವಿಎಂ ನಿಲ್ಲುವವರೆಗೂ ಒಂದು ಸೆಟ್‌ನಲ್ಲಿ ಇಟ್ಟುಕೊಳ್ಳುತ್ತದೆ, ಮಧ್ಯೆ ನೀವು ಫೈಲ್ ಅಳಿಸಿದರೂ ಪಾತ್ ಹೋಗುವುದಿಲ್ಲ. ತಿಂಗಳುಗಟ್ಟಲೆ ಓಡುವ ಸರ್ವರ್‌ನಲ್ಲಿ ಅದಕ್ಕೆ ಜಾಗವಿಲ್ಲ.

ಡೇಟಾಬೇಸ್ ಕನೆಕ್ಷನ್ ಮುಚ್ಚದಿದ್ದರೆ ಮೊದಲು ಸೋಲುವುದು ಪೂಲ್, ಹೀಪ್ ಅಲ್ಲ. ಹಿಕಾರಿ ಎಂಬ ಕನೆಕ್ಷನ್ ಪೂಲ್‌ನಲ್ಲಿ ಲೀಕ್ ಡಿಟೆಕ್ಷನ್ ಥ್ರೆಶೋಲ್ಡ್ 30000 ಮಿಲಿಸೆಕೆಂಡ್ ಇಟ್ಟರೆ, ಅಷ್ಟು ಹೊತ್ತು ಮರಳದ ಕನೆಕ್ಷನ್ ಎಲ್ಲಿ ತೆಗೆದದ್ದು ಎಂಬ ಸ್ಟ್ಯಾಕ್ ಟ್ರೇಸ್ ಲಾಗ್‌ಗೆ ಬರುತ್ತದೆ. ಟ್ರೈ ವಿತ್ ರಿಸೋರ್ಸಸ್ ಬಳಸಿದರೆ ಈ ಬಗೆಯ ತಪ್ಪು ಹೆಚ್ಚುಕಡಿಮೆ ಇಲ್ಲವಾಗುತ್ತದೆ.

ರೀಡಿಪ್ಲಾಯ್ ಮಾಡಿದಾಗಲೆಲ್ಲ ಮೆಟಾಸ್ಪೇಸ್ ಏರಿದರೆ

ಜಾವಾ 8ರಲ್ಲಿ, ಮೊದಲು ಕ್ಲಾಸ್‌ಗಳ ಮಾಹಿತಿ ಇಡುತ್ತಿದ್ದ ಪರ್ಮ್‌ಜೆನ್ ಹೋಗಿ ಮೆಟಾಸ್ಪೇಸ್ ಬಂತು. ಅದಕ್ಕೆ ಡೀಫಾಲ್ಟ್ ಆಗಿ ಮೇಲ್ಮಿತಿ ಇಲ್ಲದ ಕಾರಣ ಸೋರಿಕೆ ಎರರ್ ಕೊಡದೆ ಇಡೀ ಯಂತ್ರದ ಮೆಮೊರಿ ತಿನ್ನಬಹುದು. ಮ್ಯಾಕ್ಸ್ ಮೆಟಾಸ್ಪೇಸ್ ಸೈಜ್ ಹಾಕಿ. ಮಧ್ಯಮ ಗಾತ್ರದ ಸ್ಪ್ರಿಂಗ್ ಆ್ಯಪ್‌ಗೆ 256 ಎಂಬಿಯಿಂದ ಶುರುಮಾಡಿ, ಅಳೆದು ಬದಲಿಸಿ.

ಒಂದೇ ಟಾಮ್‌ಕ್ಯಾಟ್‌ನಲ್ಲಿ ವಾರ್ ಫೈಲ್ (ಆ್ಯಪ್‌ನ ಪ್ಯಾಕೇಜ್) ಬದಲಿಸುತ್ತಾ ಹೋದಾಗ ಹಳೆಯ ಆ್ಯಪ್‌ನ ಕ್ಲಾಸ್‌ಲೋಡರ್ (ಅದರ ಕ್ಲಾಸ್‌ಗಳನ್ನು ಮೆಮೊರಿಗೆ ತಂದ ಆಬ್ಜೆಕ್ಟ್) ಬಿಡುಗಡೆಯಾಗಬೇಕು. ಆ ಲೋಡರ್‌ನ ಒಂದೇ ಒಂದು ಆಬ್ಜೆಕ್ಟ್‌ಗೆ ಹೊರಗಿನಿಂದ ಹಿಡಿತವಿದ್ದರೂ ಅದರ ಎಲ್ಲ ಕ್ಲಾಸ್‌ಗಳೂ ಉಳಿಯುತ್ತವೆ. ಹಿಡಿಯುವವರು ಸಾಮಾನ್ಯವಾಗಿ ಮೂವರು: ಆ್ಯಪ್ ಶುರುಮಾಡಿ ನಿಲ್ಲಿಸದ ಥ್ರೆಡ್ ಅಥವಾ ಟೈಮರ್, ಡ್ರೈವರ್‌ಮ್ಯಾನೇಜರ್‌ನಲ್ಲಿ ನೋಂದಾಯಿಸಿದ ಜೆಡಿಬಿಸಿ ಡ್ರೈವರ್, ಮತ್ತು ಪೂಲ್ ಥ್ರೆಡ್‌ಗಳಲ್ಲಿ ಉಳಿದ ಥ್ರೆಡ್‌ಲೋಕಲ್. ಆ್ಯಪ್ ನಿಲ್ಲಿಸುವಾಗ ಟಾಮ್‌ಕ್ಯಾಟ್ ಇಂಥ ಥ್ರೆಡ್‌ನ ಹೆಸರು ಹಿಡಿದೇ ಲಾಗ್‌ನಲ್ಲಿ ಎಚ್ಚರಿಸುತ್ತದೆ. ಆ ಸಾಲನ್ನು ಕಡೆಗಣಿಸಬೇಡಿ. ಸರ್ವ್‌ಲೆಟ್ ಕಾಂಟೆಕ್ಸ್ಟ್ ಲಿಸನರ್‌ನ ಕಾಂಟೆಕ್ಸ್ಟ್ ಡಿಸ್ಟ್ರಾಯ್ಡ್ ಮೆಥಡ್‌ನಲ್ಲಿ ಎಕ್ಸಿಕ್ಯೂಟರ್ ನಿಲ್ಲಿಸಿ, ನಿಮ್ಮ ಲೋಡರ್‌ಗೆ ಸೇರಿದ ಡ್ರೈವರ್‌ಗಳನ್ನು ಡಿರಿಜಿಸ್ಟರ್ ಮಾಡಿ. ಟಾಮ್‌ಕ್ಯಾಟ್ ಮ್ಯಾನೇಜರ್ ಪುಟದ "ಫೈಂಡ್ ಲೀಕ್ಸ್" ಬಟನ್, ನಿಂತರೂ ಮೆಮೊರಿಯಲ್ಲಿರುವ ಆ್ಯಪ್‌ಗಳನ್ನು ತೋರಿಸುತ್ತದೆ. ಅದು ಫುಲ್ ಜಿಸಿ ಮಾಡಿಸುವುದರಿಂದ ಪ್ರೊಡಕ್ಷನ್‌ನಲ್ಲಿ ಹುಷಾರು.

ರೀಡಿಪ್ಲಾಯ್ ಇಲ್ಲದೆಯೂ ಮೆಟಾಸ್ಪೇಸ್ ಏರುತ್ತಿದ್ದರೆ ಓಡುವಾಗಲೇ ಕ್ಲಾಸ್ ಹುಟ್ಟಿಸುವ ಕೋಡ್ ಹುಡುಕಿ. ಎಕ್ಸ್‌ಎಂಎಲ್‌ಗಾಗಿ ರಿಕ್ವೆಸ್ಟ್‌ಗೊಂದು ಜೆಎಎಕ್ಸ್‌ಬಿ ಕಾಂಟೆಕ್ಸ್ಟ್ ಕಟ್ಟುವುದು, ಗ್ರೂವಿ ಸ್ಕ್ರಿಪ್ಟನ್ನು ಪ್ರತಿ ಸಲ ಹೊಸದಾಗಿ ಕಂಪೈಲ್ ಮಾಡುವುದು ಹಳೆಯ ಪರಿಚಿತ ಕಾರಣಗಳು. ಎರಡನ್ನೂ ಒಮ್ಮೆ ಮಾಡಿ ಇಟ್ಟುಕೊಳ್ಳಿ.

ಹೀಪ್ ಸರಿ ಇದೆ, ಆದರೂ ಕಂಟೇನರ್ ಸಾಯುತ್ತಿದೆ

2 ಜಿಬಿ ಮಿತಿಯ ಕಂಟೇನರ್‌ಗೆ 2 ಜಿಬಿ ಗರಿಷ್ಠ ಹೀಪ್ ಕೊಟ್ಟರೆ ಅದು ಸಾಯಲೇಬೇಕು. ಮೆಟಾಸ್ಪೇಸ್, 240 ಎಂಬಿವರೆಗೂ ಬೆಳೆಯಬಲ್ಲ ಕೋಡ್ ಕ್ಯಾಶ್, ಥ್ರೆಡ್‌ಗೆ 1 ಎಂಬಿವರೆಗಿನ ಸ್ಟ್ಯಾಕ್, ಡೈರೆಕ್ಟ್ ಬಫರ್, ಜಿಸಿಯ ಸ್ವಂತ ಲೆಕ್ಕಪತ್ರ ಎಲ್ಲವೂ ಹೀಪ್‌ನ ಹೊರಗೆ. ಮ್ಯಾಕ್ಸ್ ರ್‍ಯಾಮ್ ಪರ್ಸೆಂಟೇಜ್ (ಕಂಟೇನರ್‌ನ ಮೆಮೊರಿಯಲ್ಲಿ ಹೀಪ್‌ಗೆ ಕೊಡುವ ಶೇಕಡಾವಾರು) 60ರಿಂದ 70ರ ನಡುವೆ ಇಡಿ. ಏನೂ ಹೇಳದಿದ್ದರೆ ಅದು 25. ಹಳೆಯ ಜಾವಾ 8 ಬಿಲ್ಡ್‌ಗಳಲ್ಲಿ, ಅಪ್‌ಡೇಟ್ 191ಕ್ಕಿಂತ ಹಿಂದಿನವುಗಳಲ್ಲಿ, ಈ ಸೌಲಭ್ಯವೇ ಇಲ್ಲ. ಅವು ಕಂಟೇನರ್‌ನ ಬದಲು ಇಡೀ ಯಂತ್ರದ ಮೆಮೊರಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು.

ಆದರೂ ಏರುತ್ತಿದ್ದರೆ ನೇಟಿವ್ ಮೆಮೊರಿ ಟ್ರ್ಯಾಕಿಂಗ್ ಆನ್ ಮಾಡಿ. ಜೆಸಿಎಂಡಿಯ ವಿಎಂ ಡಾಟ್ ನೇಟಿವ್ ಮೆಮೊರಿಗೆ ಮೊದಲು ಬೇಸ್‌ಲೈನ್ ಎಂದು, ಕೆಲವು ಗಂಟೆಗಳ ನಂತರ ಸಮ್ಮರಿ ಡಾಟ್ ಡಿಫ್ ಎಂದು ಕೊಡಿ. ಯಾವ ವಿಭಾಗ ಎಷ್ಟು ಬೆಳೆಯಿತು ಎಂದು ಸಾಲುಸಾಲಾಗಿ ಬರುತ್ತದೆ. ಥ್ರೆಡ್ ವಿಭಾಗ ಬೆಳೆದಿದ್ದರೆ ಥ್ರೆಡ್ ಡಂಪ್ ತೆಗೆದು ಒಂದೇ ಹೆಸರಿನ ಮಾದರಿ ಎಷ್ಟು ಸಲ ಇದೆ ಎಣಿಸಿ; ರಿಕ್ವೆಸ್ಟ್‌ಗೊಂದು ಎಚ್‌ಟಿಟಿಪಿ ಕ್ಲೈಂಟ್ ಅಥವಾ ಎಕ್ಸಿಕ್ಯೂಟರ್ ಸೃಷ್ಟಿಸುವ ಕೋಡ್ ಅಲ್ಲಿ ಸಿಕ್ಕಿಬೀಳುತ್ತದೆ.

ಟ್ರ್ಯಾಕಿಂಗ್ ತೋರಿಸುವ ಮೊತ್ತಕ್ಕಿಂತ ಆಪರೇಟಿಂಗ್ ಸಿಸ್ಟಂ ತೋರಿಸುವ ಆರ್‌ಎಸ್‌ಎಸ್ (ಪ್ರೊಸೆಸ್ ನಿಜವಾಗಿ ಹಿಡಿದಿರುವ ಭೌತಿಕ ಮೆಮೊರಿ) ಬಹಳ ಹೆಚ್ಚಿದ್ದರೆ ಜೆವಿಎಂನ ಲೆಕ್ಕಕ್ಕೇ ಬಾರದ ಹಂಚಿಕೆ ನಡೆದಿದೆ. ಮುಚ್ಚದೆ ಬಿಟ್ಟ ಜಿಜಿಪ್ ಸ್ಟ್ರೀಮ್, ನೇಟಿವ್ ಲೈಬ್ರರಿ, ಅಥವಾ ಲಿನಕ್ಸ್‌ನ ಸಿ ಲೈಬ್ರರಿ ಜಿಲಿಬ್‌ಸಿಯ ಅರೀನಾಗಳು (ಅದು ಮೆಮೊರಿ ಹಂಚುವ ತುಂಡುಗಳು) ಕಾರಣವಿರಬಹುದು. 64 ಬಿಟ್ ಲಿನಕ್ಸ್‌ನಲ್ಲಿ ಅರೀನಾಗಳ ಸಂಖ್ಯೆ ಕೋರ್‌ಗಳ 8 ಪಟ್ಟಿನವರೆಗೂ ಹೋಗುತ್ತದೆ. ಮ್ಯಾಲಾಕ್ ಅರೀನಾ ಮ್ಯಾಕ್ಸ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲನ್ನು 2ಕ್ಕೆ ಇಟ್ಟು ನೋಡುವುದು ಖರ್ಚಿಲ್ಲದ ಪ್ರಯೋಗ.

ಜೆವಿಎಂ ತಾನೇ ಕುಸಿದಾಗ

ಎಚ್‌ಎಸ್-ಎರ್ ಫೈಲ್ ಉದ್ದವಾಗಿರುತ್ತದೆ, ಆದರೆ ಮೊದಲು ಓದಬೇಕಾದದ್ದು "ಪ್ರಾಬ್ಲಮ್ಯಾಟಿಕ್ ಫ್ರೇಮ್" ಕೆಳಗಿನ ಒಂದು ಸಾಲು. ಅದರ ಮೊದಲ ಅಕ್ಷರ "ಸಿ" ಇದ್ದರೆ ಕುಸಿತ ನೇಟಿವ್ ಲೈಬ್ರರಿಯಲ್ಲಿ. ಪಕ್ಕದಲ್ಲೇ ಲೈಬ್ರರಿಯ ಹೆಸರಿರುತ್ತದೆ, ಅದರ ಹೊಸ ಆವೃತ್ತಿ ಹಾಕಿ. "ವಿ" ಇದ್ದರೆ ಜೆವಿಎಂನ ಒಳಗೇ. ಅದೇ ಜಾವಾ ಆವೃತ್ತಿಯ ಇತ್ತೀಚಿನ ಅಪ್‌ಡೇಟ್‌ಗೆ ಹೋಗುವುದು ಮೊದಲ ಕೆಲಸ. ದೊಡ್ಡಕ್ಷರದ "ಜೆ" ಎಂದರೆ ಜೆಐಟಿ (ಓಡುವಾಗಲೇ ಕಂಪೈಲ್ ಮಾಡುವ ಜೆವಿಎಂನ ಭಾಗ) ಕಂಪೈಲ್ ಮಾಡಿದ ಜಾವಾ ಕೋಡ್. ಸಿಗ್‌ಬಸ್ ಸಿಗ್ನಲ್ ಕಂಡರೆ ಡಿಸ್ಕ್ ತುಂಬಿದೆಯೇ ನೋಡಿ. ಜಾವಾ 8ರಲ್ಲಿ ಓಡುತ್ತಿರುವ ಆ್ಯಪ್‌ನ ಜಾರ್ ಫೈಲ್ ಮೇಲೆ ಹೊಸದನ್ನು ನಕಲಿಸಿದರೂ ಜೆವಿಎಂ ಹೀಗೆ ಕುಸಿಯಬಹುದು, ಏಕೆಂದರೆ ಜಾರ್‌ನ ಸೂಚಿಯನ್ನು ಅದು ಮೆಮೊರಿಗೆ ಮ್ಯಾಪ್ ಮಾಡಿಕೊಂಡಿರುತ್ತದೆ.

ಸರಿಹೋಯಿತೇ ಎಂದು ಸಾಬೀತು ಮಾಡುವುದು

ಪ್ರೊಡಕ್ಷನ್‌ಗೆ ಹಾಕಿ ವಾರ ಕಾಯಬೇಕಿಲ್ಲ. ಟೆಸ್ಟ್ ಸರ್ವರ್‌ನಲ್ಲಿ ಗರಿಷ್ಠ ಹೀಪನ್ನು ಬೇಕೆಂದೇ 256 ಎಂಬಿಗೆ ಇಳಿಸಿ, ತಪ್ಪಿದ್ದ ರಿಕ್ವೆಸ್ಟನ್ನೇ ಲೋಡ್ ಟೆಸ್ಟ್ ಸಾಧನ ಜೆಮೀಟರ್‌ನಿಂದ 50,000 ಸಲ ಹೊಡೆಯಿರಿ. ಮೊದಲು ಹಳೆಯ ಕೋಡ್ ಬೀಳುವುದನ್ನು ನೋಡಿ. ಅದು ಬೀಳದಿದ್ದರೆ ನಿಮ್ಮ ಪರೀಕ್ಷೆ ಸೋರಿಕೆಯನ್ನು ಮುಟ್ಟುತ್ತಲೇ ಇಲ್ಲ. ಆಮೇಲೆ ಹೊಸ ಕೋಡ್‌ನಲ್ಲಿ ಶುರುವಿನ 5,000 ರಿಕ್ವೆಸ್ಟ್ ಆದ ಮೇಲೆ ಒಂದು ಹಿಸ್ಟೋಗ್ರಾಂ, ಕೊನೆಯಲ್ಲಿ ಒಂದು. ಶಂಕಿತ ಕ್ಲಾಸ್‌ನ ಎಣಿಕೆ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಇರಬೇಕು. ಕ್ಲಾಸ್‌ಲೋಡರ್ ಸೋರಿಕೆಯಾದರೆ ಹತ್ತು ಸಲ ರೀಡಿಪ್ಲಾಯ್ ಮಾಡಿ ಜೆಸಿಎಂಡಿಯ ವಿಎಂ ಡಾಟ್ ಕ್ಲಾಸ್‌ಲೋಡರ್ ಸ್ಟ್ಯಾಟ್ಸ್‌ನಲ್ಲಿ ಹಳೆಯ ಲೋಡರ್‌ಗಳು ಉಳಿದಿವೆಯೇ ನೋಡಿ.

ಅಲರ್ಟ್‌ಗಳನ್ನೂ ಇದೇ ಹೊತ್ತಿನಲ್ಲಿ ತಿದ್ದಿ. "ಹೀಪ್ ಶೇ. 85 ತುಂಬಿದೆ" ಎಂಬ ಅಲರ್ಟ್ ಆರೋಗ್ಯವಾಗಿರುವ ಜೆವಿಎಂನಲ್ಲೂ ದಿನಕ್ಕೆ ಹತ್ತು ಸಲ ಕೂಗುತ್ತದೆ, ಕ್ರಮೇಣ ಯಾರೂ ನೋಡುವುದಿಲ್ಲ. ಮೆಟ್ರಿಕ್ ಸಂಗ್ರಹಿಸುವ ಮೈಕ್ರೋಮೀಟರ್ ಲೈಬ್ರರಿ ಬಳಸುತ್ತಿದ್ದರೆ ಜೆವಿಎಂ ಜಿಸಿ ಲೈವ್ ಡೇಟಾ ಸೈಜ್ ಎಂಬ ಮೆಟ್ರಿಕ್ ಇದೆ. ಜಿಸಿ ಆದ ಮೇಲೂ ಉಳಿದ ದೀರ್ಘಾಯುಷಿ ಡೇಟಾದ ಗಾತ್ರವನ್ನು ಅದು ಕೊಡುತ್ತದೆ. ಅದು ಗರಿಷ್ಠ ಹೀಪ್‌ನ ಶೇ. 70 ದಾಟಿ ಅರ್ಧ ಗಂಟೆ ನಿಂತರೆ ಅಲರ್ಟ್ ಬರಲಿ. ಎಫ್‌ಜಿಸಿ ಎಣಿಕೆ, ಜೀವಂತ ಥ್ರೆಡ್ ಸಂಖ್ಯೆ ಮತ್ತು ಕಂಟೇನರ್‌ನ ಒಟ್ಟು ಮೆಮೊರಿ, ಈ ಮೂರನ್ನೂ ಅದೇ ಡ್ಯಾಶ್‌ಬೋರ್ಡ್‌ನಲ್ಲಿ ಪಕ್ಕಪಕ್ಕ ಇಡಿ.